ಎರೆ ನೆಲದ ಮೇಲೆ ಗೋದಾಮಿನ ಹಾಸು

ಏಪ್ರಿಲ್ ತಿಂಗಳ ಬಿಸಿಲಲ್ಲಿ ನರೇಗಲ್ಲಿನ ಎರೆ ಹೊಲ ದಾಟುವವರು ಕಣ್ಣನ್ನು ನೆಲದ ಮೇಲಿಟ್ಟೇ ಹೆಜ್ಜೆ ಹಾಕಬೇಕು. ಕಡಲೆ ಕಿತ್ತು, ಜೋಳ ಕೊಯ್ದು ಬರಿದಾದ ಹೊಲದ ತುಂಬ ಅಂಗೈ ಅಗಲದ ಬಿರುಕುಗಳು. ದನ ಕಾಯುವ ಹುಡುಗ ಕೈಲಿದ್ದ ಕೋಲನ್ನು ಅದರೊಳಗೆ ಇಳಿಬಿಟ್ಟರೆ ಕೋಲು ಮುಗಿಯುತ್ತದೆಯೇ ಹೊರತು ಬಿರುಕು ಮುಗಿಯುವುದಿಲ್ಲ. ಸೆಪ್ಟೆಂಬರಿನಲ್ಲಿ ನಾಲ್ಕು ದೊಡ್ಡ ಮಳೆ ಬಿದ್ದ ಮೇಲೆ ಅದೇ ಹೊಲ ಗುರುತು ಸಿಗದಷ್ಟು ಬದಲಾಗಿರುತ್ತದೆ. ಬಾಯಿ ಬಿಟ್ಟ ನೆಲ ಬಾಯಿ ಮುಚ್ಚಿಕೊಂಡು ಉಬ್ಬಿ ನಿಂತಿರುತ್ತದೆ; ಕಾಲಿಟ್ಟವರ ಚಪ್ಪಲಿಯನ್ನು ಕಚ್ಚಿ ಹಿಡಿಯುತ್ತದೆ.

ಈ ಗುಣವೇ ಇಲ್ಲಿನ ರೈತನಿಗೆ ವರ. ವರ್ಷಕ್ಕೆ ಹೆಚ್ಚೂ ಕಡಿಮೆ 600 ಮಿಲಿಮೀಟರ್ ಮಳೆ ಕಾಣುವ ಸೀಮೆಯಲ್ಲಿ, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಂಡು ಹಿಂಗಾರಿ ಕಡಲೆ, ಬಿಳಿಜೋಳ, ಕುಸುಬೆಯನ್ನು ಇಬ್ಬನಿಯಲ್ಲೇ ಬೆಳೆಸಿ ಕೊಡುವುದು ಎರೆ ಮಣ್ಣು. ಆದರೆ ಬೆಳೆದ ಆ ಕಾಳನ್ನು ಕೂಡಿಡಲು ಅದೇ ಮಣ್ಣಿನ ಮೇಲೆ ಒಂದು ಗೋದಾಮು ಕಟ್ಟಲು ಹೊರಟಾಗ ವರ ಶಾಪವಾಗುತ್ತದೆ.

ನೆಲ ಎದ್ದ ಗೋದಾಮು

ಗದಗದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯಲ್ಲಿರುವ ನರೇಗಲ್ ಮೊದಲು ಧಾರವಾಡ ಜಿಲ್ಲೆಯ ರೋಣ ತಾಲೂಕಿನಲ್ಲಿತ್ತು. 1997ರಲ್ಲಿ ಗದಗ ಜಿಲ್ಲೆಯಾಯಿತು. ಆಮೇಲೆ ಗಜೇಂದ್ರಗಡವೇ ಒಂದು ತಾಲೂಕಾಯಿತು. ಕಾಗದದ ಮೇಲೆ ಊರು ಎಲ್ಲಿಗೆ ಸೇರಿದರೂ ಕಾಲ ಕೆಳಗಿನ ಮಣ್ಣು ಬದಲಾಗಲಿಲ್ಲ. ರೋಣ, ನರಗುಂದ, ನವಲಗುಂದದವರೆಗೆ ಹರಡಿದ ಈ ಬಯಲು ರಾಜ್ಯದ ದೊಡ್ಡ ಎರೆ ಸೀಮೆಗಳಲ್ಲೊಂದು.

ಈ ಬಯಲಿನ ಯಾವುದೇ ಊರಿನಲ್ಲಿ ಹಳೆಯ ಗೋದಾಮೊಂದರ ಬಾಗಿಲು ತೆಗೆಸಿ ನೋಡಿದರೆ ಕತೆ ನೆಲದಲ್ಲೇ ಬರೆದಿರುವುದು ಕಾಣಬಹುದು. ಗೋಡೆಯ ಗುಂಟ ಒಂದು ಉದ್ದ ಬಿರುಕು. ನಡುವೆ ನೆಲ ಆಮೆಯ ಬೆನ್ನಿನಂತೆ ಉಬ್ಬಿದೆ. ಒಂದು ಚಪ್ಪಡಿಯ ಅಂಚು ಪಕ್ಕದ್ದಕ್ಕಿಂತ ಎರಡು ಬೆರಳು ಮೇಲೆದ್ದು, ಚೀಲ ಹೊತ್ತ ಹಮಾಲರ ಕಾಲಿಗೆ ಎಡವುತ್ತದೆ. ಶಟರು ಮಳೆಗಾಲದಲ್ಲಿ ಪೂರ್ತಿ ಕೆಳಗಿಳಿಯುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಕಣ್ಣಿಗೆ ಕಾಣದ್ದು: ಬಿರುಕಿನಿಂದ ಮೇಲೇರಿದ ತೇವ ಕೆಳಸಾಲಿನ ಚೀಲಗಳಿಗೆ ತಗುಲಿ, ಹೆಸರು ಕಡಲೆಗೆ ಬೂಷ್ಟು ಹಿಡಿಯುತ್ತದೆ, ಬಿರುಕಿನಲ್ಲಿ ನುಸಿ ಮನೆ ಮಾಡುತ್ತದೆ, ಇಲಿಗೆ ದಾರಿಯಾಗುತ್ತದೆ.

ಇಂಥ ನೆಲ ನೋಡಿದಾಗ ಮಾಲಕರ ಬಾಯಲ್ಲಿ ಬರುವ ಮಾತು ಒಂದೇ: "ಇನ್ನೆರಡು ಇಂಚು ಕಾಂಕ್ರೀಟ್ ಜಾಸ್ತಿ ಹಾಕಿಸಬೇಕಿತ್ತು ನೋಡ್ರಿ." ಮೇಸ್ತ್ರಿಯ ಉತ್ತರವೂ ಸಿದ್ಧ: "ಹೌದ್ರಿ ಯಜಮಾನ್ರ, ಮುಂದಿನ ಸಲ ಹಾಕೋಣ್ರಿ." ಎಷ್ಟೋ ಗೋದಾಮುಗಳ ದುಡ್ಡು ಮಣ್ಣಾದದ್ದು ಈ ಒಂದು ಮಾತಿನಿಂದ. ಏಕೆಂದರೆ ಆ ಎರಡು ಇಂಚು ಕಾಂಕ್ರೀಟಿಗೂ ಈ ರೋಗಕ್ಕೂ ಸಂಬಂಧ ತೀರ ಕಡಿಮೆ.

ಒಂದು ಗ್ರಾಂನಲ್ಲಿ ಎಂಟು ಗುಂಟೆ

ಎರೆ ಮಣ್ಣು ಹೀಗೇಕೆ ಉಬ್ಬಿ ಕುಗ್ಗುತ್ತದೆ? ಉತ್ತರ ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯಲ್ಲಿದೆ. ಸುಣ್ಣ, ಮೆಗ್ನೀಸಿಯಂ ಹೆಚ್ಚಿರುವ ಕಲ್ಲುಗಳು ಸಾವಿರಾರು ವರ್ಷ ಬಿಸಿಲು ಮಳೆಗೆ ಶಿಥಿಲವಾಗಿ, ನೀರು ಸರಾಗವಾಗಿ ಹರಿದು ಹೋಗದ ತಗ್ಗು ಬಯಲಿನಲ್ಲಿ ಹುಟ್ಟುವ ಜೇಡಿ ಇದು. ಇದರ ಕಣ ಕಾಳಿನ ಹಾಗೆ ದುಂಡಗಿರುವುದಿಲ್ಲ. ಎಲೆಯ ಮೇಲೆ ಎಲೆ ಪೇರಿಸಿದ ಕಟ್ಟಿನ ಹಾಗಿರುತ್ತದೆ. ಒಂದೊಂದು ಎಲೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನೀರು ಬಂದಾಗ ಎಲೆ ಎಲೆಯ ನಡುವೆ ಸೇರಿಕೊಂಡು ಕಟ್ಟನ್ನು ಅಗಲಿಸುತ್ತದೆ. ನೀರು ಆರಿದಾಗ ಎಲೆಗಳು ಮತ್ತೆ ಒಂದಕ್ಕೊಂದು ಅಂಟುತ್ತವೆ.

ಇಂಥ ಶುದ್ಧ ಜೇಡಿಯ ಒಂದೇ ಒಂದು ಗ್ರಾಂನಲ್ಲಿರುವ ಎಲೆಗಳನ್ನೆಲ್ಲ ಬಿಡಿಸಿ ಹಾಸಿದರೆ ಅದರ ಹರವು ಸುಮಾರು 800 ಚದರ ಮೀಟರ್. ರೈತರ ಲೆಕ್ಕದಲ್ಲಿ ಎಂಟು ಗುಂಟೆ! ಕುಂಬಾರರ ಬಿಳಿ ಜೇಡಿಯಂಥ ಕೆಯೊಲಿನೈಟಿನಲ್ಲಾದರೆ ಇದು ಹತ್ತಿಪ್ಪತ್ತು ಚದರ ಮೀಟರಷ್ಟೆ. ನೀರು ಅಂಟಿಕೊಳ್ಳಲು ಇಷ್ಟೊಂದು ಜಾಗವಿರುವಾಗ ಎರೆ ಅಷ್ಟು ನೀರು ಕುಡಿಯುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಎರೆಯ ಈ ಉಸಿರಾಟ ಮೇಲಿನ ಪದರಗಳಲ್ಲೇ ಹೆಚ್ಚು. ಆಳಕ್ಕೆ ಹೋದಂತೆ ಬೇಸಿಗೆಗೂ ಮಳೆಗಾಲಕ್ಕೂ ತೇವದಲ್ಲಿ ವ್ಯತ್ಯಾಸ ಕಡಿಮೆಯಾಗಿ, ಸುಮಾರು ಮೂರೂವರೆ ಮೀಟರಿನ ಕೆಳಗೆ ಮಣ್ಣು ಬಹುಮಟ್ಟಿಗೆ ನಿದ್ದೆಯಲ್ಲಿರುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ 1950ರ ದಶಕದಲ್ಲಿ ರೂಪಿಸಿದ, ತಳದಲ್ಲಿ ಗಡ್ಡೆಯಂತೆ ಉಬ್ಬಿದ ಅಂಡರ್‌ರೀಮ್ಡ್ ಪೈಲುಗಳು ಅಷ್ಟು ಆಳಕ್ಕೆ ಇಳಿಯುವುದು ಇದೇ ಕಾರಣಕ್ಕೆ. ಗೋಡೆ, ಕಂಬಗಳನ್ನು ಈ ಪೈಲುಗಳ ಮೇಲೆ ನಿಲ್ಲಿಸಿ ಬಚಾವು ಮಾಡಬಹುದು. ಆದರೆ ನೆಲಹಾಸನ್ನು? ಅದು ನೂರಾರು ಚದರ ಮೀಟರಿನಷ್ಟು ಅಗಲಕ್ಕೆ ಮಣ್ಣಿನ ಮೇಲೆಯೇ ಮಲಗಿರಬೇಕು. ಮಣ್ಣು ಉಸಿರೆಳೆದರೆ ಅದೂ ಏಳಬೇಕು, ಬಿಟ್ಟರೆ ಇಳಿಯಬೇಕು.

ತಕ್ಕಡಿಯ ಲೆಕ್ಕ

ಇನ್ನು ಆ ಎರಡು ಇಂಚಿನ ಮಾತಿಗೆ ಬರೋಣ. ಆರು ಇಂಚು, ಅಂದರೆ 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ನೆಲ ಒಂದು ಚದರ ಮೀಟರಿಗೆ ಸುಮಾರು 360 ಕಿಲೋ ತೂಗುತ್ತದೆ. ಅದರ ಮೇಲೆ ಎರಡು ಇಂಚು ಹೆಚ್ಚಿಸಿದರೆ ಇನ್ನು 120 ಕಿಲೋ. ಒಟ್ಟು ಅರ್ಧ ಟನ್ನಿಗೂ ಕಡಿಮೆ.

ನೀರು ಕುಡಿದ ಎರೆ ಎಷ್ಟು ಒತ್ತಡದಿಂದ ಮೇಲಕ್ಕೆ ನೂಕುತ್ತದೆ? ನಮ್ಮ ದೇಶದ ಕರಿ ಮಣ್ಣುಗಳಲ್ಲಿ ಈ ಒತ್ತಡ ಚದರ ಮೀಟರಿಗೆ 5 ಟನ್ನಿನಿಂದ ಹಿಡಿದು 30–40 ಟನ್ನಿನವರೆಗೂ ಇರಬಲ್ಲದು. ಅರ್ಧ ಟನ್ನಿನ ನೆಲ ಐದು ಟನ್ನಿನ ಏಟನ್ನು ತಡೆಯುವುದುಂಟೆ?

"ಮೇಲೆ ಚೀಲಗಳ ಭಾರ ಇರುತ್ತದಲ್ಲ" ಎನ್ನಬಹುದು. ಅದನ್ನೂ ತೂಗೋಣ. ದೊಡ್ಡ ಗೋದಾಮುಗಳಲ್ಲಿ 20 ಅಡಿ ಅಗಲ 30 ಅಡಿ ಉದ್ದದ ಒಂದು ನಿಟ್ಟಿನಲ್ಲಿ 50 ಕಿಲೋದ 3,000 ಚೀಲ ಕೂತರೆ 150 ಟನ್ನಾಯಿತು. ಚದರ ಮೀಟರಿಗೆ ಹಂಚಿದರೆ ಎರಡು ಮುಕ್ಕಾಲು ಟನ್ನಿನ ಆಸುಪಾಸು. ಅಂದರೆ ಗೋದಾಮು ತುಂಬಿ ತುಳುಕುತ್ತಿದ್ದರೂ ಕೆಳಗಿನ ಮಣ್ಣಿನ ಬಲವೇ ಹೆಚ್ಚು. ಇನ್ನೊಂದು ವಿಚಿತ್ರವೂ ಇದೆ. ನಿಟ್ಟುಗಳ ಕೆಳಗೆ ನೆಲ ಒತ್ತಿ ಹಿಡಿದಿರುತ್ತದೆ. ನಿಟ್ಟು ನಿಟ್ಟಿನ ನಡುವೆ ಹಮಾಲರು ಓಡಾಡುವ ಓಣಿಯಲ್ಲಿ ಭಾರವೇ ಇಲ್ಲ. ಎರಡು ಬದಿ ಅದುಮಿ ನಡುವೆ ಬಿಟ್ಟ ಹಾಗಾಗಿ ಚಪ್ಪಡಿ ಓಣಿಯಲ್ಲಿ ಮೇಲಕ್ಕೆ ಬಾಗುತ್ತದೆ. ಬಿರುಕು ಮೊದಲು ಕಾಣಿಸಿಕೊಳ್ಳುವುದು ಭಾರ ಇಟ್ಟ ಕಡೆಯಲ್ಲ, ಭಾರ ಇಡದ ಓಣಿಯಲ್ಲಿ.

ಈ ಲೆಕ್ಕದ ತಾತ್ಪರ್ಯ ಇಷ್ಟೆ: ಎರೆಯ ಮೇಲಿನ ನೆಲ ಕೆಡುವುದು ಭಾರದಿಂದಲ್ಲ, ನೀರಿನಿಂದ. ಹಾಗಾಗಿ ದುಡ್ಡು ಕಾಂಕ್ರೀಟಿನೊಳಗೆ ಅಲ್ಲ, ಕಾಂಕ್ರೀಟಿನ ಕೆಳಗೆ ಮತ್ತು ಅದರ ಸುತ್ತ ಖರ್ಚಾಗಬೇಕು.

ಹಗೇವು ತೋಡಿದವರ ತಿಳಿವಳಿಕೆ

ಈ ಮಾತು ಹೊಸದೇನೂ ಅಲ್ಲ. ಗೋದಾಮು ಬರುವ ಮೊದಲು ಈ ಸೀಮೆಯ ಜೋಳ ಇದ್ದದ್ದು ಹಗೇವಿನಲ್ಲಿ. ಹೂಜಿಯಾಕಾರದಲ್ಲಿ ನೆಲದೊಳಗೆ ತೋಡಿದ ಆ ಕಣಜಗಳಿಗೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ. ಒಳಗೆ ಸುತ್ತಲೂ ಹುಲ್ಲು ಕಣಿಕೆ ಒತ್ತಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯಲ್ಲಿ ಆಮ್ಲಜನಕ ತೀರಿ ಹುಳು ಸಾಯುತ್ತಿತ್ತು. ತೆಗೆದ ಕೂಡಲೇ ಇಳಿದರೆ ಮನುಷ್ಯನೂ ಸಾಯುತ್ತಿದ್ದ. ಅದಕ್ಕೇ ಮೊದಲು ಬಾಯಿ ತೆಗೆದಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವ ರೂಢಿ.

ಹಗೇವು ತೋಡಲು ಹುಡುಕುತ್ತಿದ್ದುದು ನೀರು ನಿಲ್ಲದ ಎತ್ತರದ, ಗಟ್ಟಿ ಗರಸಿನ ಜಾಗ. ಎರೆ ಹೊಲದ ನಡುವೆ ಹಗೇವು ತೋಡಿದರೆ ಮೊದಲ ಬೇಸಿಗೆಗೇ ಗೋಡೆ ಸೀಳಿ, ಮೊದಲ ಮಳೆಗೇ ನೀರು ಒಳಗಿಳಿಯುತ್ತಿತ್ತು. ಸಾಧ್ಯವಾದಲ್ಲೆಲ್ಲ ಊರು ಕೂತದ್ದೂ ದಿನ್ನೆಯ ಮೇಲೆಯೇ. ಎರೆ ಬೆಳೆಯಲಿಕ್ಕೆ, ಗರಸು ಇರಲಿಕ್ಕೆ ಎಂಬುದು ಹಿರಿಯರ ಹಂಚಿಕೆ.

ಈಗ ಆ ಹಂಚಿಕೆ ನಡೆಯುವುದಿಲ್ಲ. ಗೋದಾಮಿಗೆ ಲಾರಿ ಬರಬೇಕು, ಲಾರಿಗೆ ದೊಡ್ಡ ರಸ್ತೆ ಬೇಕು. ರಸ್ತೆಯ ಪಕ್ಕ ಸಿಗುವ ಎರಡು ಎಕರೆ ಎರೆಯೇ ಆಗಿರುತ್ತದೆ. ಗರಸು ಇರುವಲ್ಲಿಗೆ ಗೋದಾಮು ಹೋಗಲಾರದಿದ್ದರೆ, ಗೋದಾಮು ಇರುವಲ್ಲಿಗೆ ಗರಸನ್ನೇ ತರಬೇಕು. ಆಧುನಿಕ ಎಂಜಿನಿಯರಿಂಗ್ ಹೇಳುವುದೂ ಇದನ್ನೇ.

ಕಾಲುವೆ ಕಲಿಸಿದ ಪಾಠ

ನರಗುಂದ, ನವಲಗುಂದದ ಎರೆ ಬಯಲಿಗೆ ಮಲಪ್ರಭೆಯ ನೀರು ತರಲು ಕಾಲುವೆ ತೋಡಿದಾಗ ಎಂಜಿನಿಯರುಗಳಿಗೂ ಇದೇ ಮಣ್ಣು ಎದುರಾಯಿತು. ಎರೆಯಲ್ಲಿ ಕಡಿದ ಕಾಲುವೆಗಳಲ್ಲಿ ನೀರು ಬಿಟ್ಟ ಮೇಲೆ ಇಳಿಜಾರು ಜಾರುವುದು, ಕಲ್ಲು ಕಾಂಕ್ರೀಟಿನ ಒಳಪದರ ಎದ್ದು ಒಡೆಯುವುದು ದೇಶದ ಕರಿ ಮಣ್ಣಿನ ಸೀಮೆಗಳಲ್ಲೆಲ್ಲ ಕಂಡ ಕಾಟ. ಇದಕ್ಕೆ ಪರಿಹಾರ ಹುಡುಕುತ್ತ ಮುಂಬಯಿಯ ಐಐಟಿಯಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಸಿದವರು ಪ್ರೊ. ಆರ್.ಕೆ. ಕಟ್ಟಿ. ಮಲಪ್ರಭಾ ಕಾಲುವೆಯೂ ಈ ಅಧ್ಯಯನದ ಕ್ಷೇತ್ರಗಳಲ್ಲೊಂದು. ಕರಿ ಮಣ್ಣಿನ ಸಮಸ್ಯೆಗಳ ಬಗ್ಗೆ ಅವರು ನೀಡಿದ ಉಪನ್ಯಾಸ 1979ರಲ್ಲಿ ಇಂಡಿಯನ್ ಜಿಯೋಟೆಕ್ನಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು; ಈ ವಿಷಯದಲ್ಲಿ ಕೆಲಸ ಮಾಡುವವರು ಇಂದಿಗೂ ಅದನ್ನು ತೆರೆದು ನೋಡುತ್ತಾರೆ.

ಕಟ್ಟಿಯವರು ಗಮನಿಸಿದ ಸಂಗತಿ ಸರಳವಾಗಿತ್ತು. ಎರೆ ನೆಲದಲ್ಲಿ ಸುಮಾರು ಒಂದು ಮೀಟರ್ ಆಳದ ಕೆಳಗಿನ ಮಣ್ಣು ನೀರಲ್ಲಿ ನೆನೆದರೂ ಮೇಲಿನ ಮಣ್ಣಿನಷ್ಟು ಉಬ್ಬುವುದಿಲ್ಲ. ಮೇಲಿನ ಪದರವೇ ಕೆಳಗಿನದನ್ನು ಹಿಡಿದಿಡುತ್ತದೆ. ಬರೀ ತೂಕದಿಂದ ಇದು ಆಗುವಂತಿಲ್ಲ. ಒಂದು ಮೀಟರ್ ಮಣ್ಣಿನ ತೂಕ ಎರಡು ಟನ್ನೂ ಇಲ್ಲ. ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವ ಗುಣ ಇಲ್ಲಿ ಕೆಲಸ ಮಾಡುತ್ತದೆಂದು ಅವರು ವಾದಿಸಿದರು. ಹಾಗಿದ್ದರೆ ಉಬ್ಬದ, ಆದರೆ ಅಂಟಿಕೊಳ್ಳುವ ಬೇರೆ ಮಣ್ಣನ್ನು ಎರೆಯ ಮೇಲೆ ಒಂದು ಮೀಟರ್ ಹಾಸಿ ಕುಟ್ಟಿದರೆ? ಪ್ರಯೋಗದಲ್ಲಿ ಎರೆಯ ಉಬ್ಬು ಬಹುತೇಕ ನಿಂತಿತು. ಎಂಜಿನಿಯರುಗಳು ಇದನ್ನು ಸಿ.ಎನ್.ಎಸ್. ಪದರ ಎಂದು ಕರೆಯುತ್ತಾರೆ. ನಮ್ಮ ಕಡೆಯ ಒಳ್ಳೆಯ ಗರಸು, ಜೇಡಿ ಹದವಾಗಿ ಬೆರೆತ ಮಸಾರಿ ಮಣ್ಣು ಈ ಕೆಲಸಕ್ಕೆ ಆಗಬಹುದು, ಪರೀಕ್ಷೆಯಲ್ಲಿ ಪಾಸಾಗಬೇಕಷ್ಟೆ. ಉಬ್ಬುವ ಮಣ್ಣಿನಲ್ಲಿ ಕಾಲುವೆಗೆ ಒಳಪದರ ಹಾಕುವ ಬಗೆಗಿನ ಭಾರತೀಯ ಮಾನಕ 9451ರಲ್ಲಿಯೂ ಈ ಪದರಕ್ಕೆ ಜಾಗ ಸಿಕ್ಕಿದೆ.

"ಗರಸಿನ ಬದಲು ಉಸುಕು ತುಂಬಿದರಾಗದೇ?" ಎಂಬ ಪ್ರಶ್ನೆ ಬರುವುದು ಸಹಜ. ಅದೂ ಬಹಳ ಕಡೆ ನಡೆದಿರುವ ತಪ್ಪು. ಉಸುಕು ಉಬ್ಬುವುದಿಲ್ಲ ನಿಜ, ಆದರೆ ಅದಕ್ಕೆ ಅಂಟೂ ಇಲ್ಲ. ಮೇಲಾಗಿ ಎರೆಯಲ್ಲಿ ಗುಂಡಿ ತೋಡಿ ಉಸುಕು ತುಂಬುವುದೆಂದರೆ ನೆಲದ ಕೆಳಗೆ ಒಂದು ಕೆರೆ ಕಟ್ಟಿದ ಹಾಗೆ. ಸುತ್ತಲ ನೀರೆಲ್ಲ ಹರಿದು ಬಂದು ಅಲ್ಲಿ ನಿಂತು, ಎರೆಗೆ ವರ್ಷವಿಡೀ ನೀರುಣಿಸುತ್ತದೆ.

ಎರಡು ಗಾಜಿನ ಕೊಳವೆ

ಜಾಗ ಕೊಳ್ಳುವ ಮುಂಚೆಯೇ ಮಾಡಿಸಬೇಕಾದ ಒಂದು ಪರೀಕ್ಷೆಯಿದೆ. ಒಣಗಿಸಿ ಸೋಸಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ ಎರಡು ಅಳತೆ ಕೊಳವೆಗೆ ಹಾಕುವುದು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ತಾಸು ಬಿಡುವುದು. ಸೀಮೆಎಣ್ಣೆ ಜೇಡಿಯ ಎಲೆಗಳ ನಡುವೆ ಸೇರದ್ದರಿಂದ ಆ ಮಣ್ಣು ಇದ್ದಷ್ಟೇ ಇರುತ್ತದೆ, ನೀರಿನಲ್ಲಿದ್ದದ್ದು ಉಬ್ಬುತ್ತದೆ. ಸೀಮೆಎಣ್ಣೆಯಲ್ಲಿ 12 ಮಿಲಿಲೀಟರ್ ಇರುವ ಮಣ್ಣು ನೀರಿನಲ್ಲಿ 24 ಆಯಿತೆಂದರೆ ಉಬ್ಬು ನೂರಕ್ಕೆ ನೂರು. ಐವತ್ತರ ಒಳಗಿದ್ದರೆ ಭಯ ಕಡಿಮೆ. ನೂರು ದಾಟಿದರೆ ಎಚ್ಚರ. ಇನ್ನೂರು ದಾಟಿದರೆ ಅತಿ ಎಚ್ಚರ. 1977ರ ಭಾರತೀಯ ಮಾನಕದಲ್ಲಿ ವಿಧಿಸಿರುವ ಈ ಪರೀಕ್ಷೆಯನ್ನು ಯಾವ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಾದರೂ ಮಾಡಬಹುದು.

ಒಂದೇ ಜಾಗದ ಮಣ್ಣು ಸಾಲದು. ಎರೆಯ ಆಳ ಹೊಲದ ಒಂದು ಬದಿಗೆ ಎರಡಡಿ, ಇನ್ನೊಂದು ಬದಿಗೆ ಹನ್ನೆರಡಡಿ ಇರಬಹುದು. ನಾಲ್ಕು ಮೂಲೆ ಮತ್ತು ನಡುವೆ ಗುಂಡಿ ತೆಗೆಸಿ ನೋಡಬೇಕು. ಎರೆ ಎರಡು ಮೂರು ಅಡಿಗೇ ಮುಗಿದು ಕೆಳಗೆ ಗರಸು ಸಿಕ್ಕರೆ ಅದೃಷ್ಟ. ಪೂರ್ತಿ ಎರೆಯನ್ನು ಎತ್ತಿ ಹೊಲಕ್ಕೆ ಹಾಕಿ ನಿಶ್ಚಿಂತರಾಗಬಹುದು.

ಕೆಳಗಿನಿಂದ ಮೇಲಕ್ಕೆ

ಎರೆ ಆಳವಾಗಿಯೇ ಇದೆಯೆಂದುಕೊಳ್ಳೋಣ. 30 ಮೀಟರ್ ಉದ್ದ, 15 ಮೀಟರ್ ಅಗಲದ ಗೋದಾಮು. ಮೇಲಿನ ಒಂದು ಮೀಟರ್ ಎರೆ ತೆಗೆದು, ಗೋಡೆಯಾಚೆಗೂ ಒಂದೂವರೆ ಮೀಟರ್ ಸೇರಿಸಿ ಗರಸು ತುಂಬಬೇಕೆಂದರೆ ಸುಮಾರು 600 ಘನ ಮೀಟರ್ ಗರಸು ಬೇಕು. ಸಡಿಲ ಮಣ್ಣಿನ ಲೆಕ್ಕದಲ್ಲಿ ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರಿನ ಎಪ್ಪತ್ತೈದು–ಎಂಬತ್ತು ಹೇರು. ಖರ್ಚು ಹೆಚ್ಚೆನಿಸುವುದು ಸಹಜ. ಆದರೆ ಒಡೆದ ನೆಲವನ್ನು ಕಿತ್ತು ಮತ್ತೆ ಹಾಕುವಾಗ ಗೋದಾಮು ಖಾಲಿ ಇಡಬೇಕು. ಆಮೇಲೂ ರೋಗ ಹಾಗೇ ಉಳಿದಿರುತ್ತದೆ.

ಗರಸು ದೂರವಿದ್ದರೆ ಇನ್ನೊಂದು ದಾರಿ ಸುಣ್ಣ. ಎರೆಯ ಮೇಲ್ಪದರಕ್ಕೆ ತೂಕದಲ್ಲಿ ನೂರಕ್ಕೆ ಮೂರರಿಂದ ಆರರಷ್ಟು ಸುಣ್ಣದ ಪುಡಿ ಬೆರೆಸಿ, ನೀರು ಹಾಕಿ, ಹದ ಮಾಡಿ ಕುಟ್ಟುವುದು. ಸುಣ್ಣದ ಕ್ಯಾಲ್ಸಿಯಂ ಜೇಡಿಯ ಎಲೆಗಳ ಹಸಿವನ್ನು ತಣಿಸುತ್ತದೆ. ಅಂಟಂಟಾದ ಮಣ್ಣು ನೋಡನೋಡುತ್ತಲೇ ಪುಡಿಪುಡಿಯಾಗುತ್ತದೆ, ತಿಂಗಳುಗಳಲ್ಲಿ ಕಲ್ಲಿನಂತೆ ಬಿಗಿಯುತ್ತದೆ. ಬಾಗಲಕೋಟೆ, ಲೋಕಾಪುರದ ಸೀಮೆಯಲ್ಲಿ ಸುಣ್ಣದ ಕಲ್ಲಿಗೆ ಬರವಿಲ್ಲ. ಆದರೆ ಮಣ್ಣಿನಲ್ಲಿ ಜಿಪ್ಸಂನಂಥ ಸಲ್ಫೇಟ್ ಉಪ್ಪಿದ್ದರೆ ಸುಣ್ಣವೇ ಹೊಸ ಉಬ್ಬಿಗೆ ಕಾರಣವಾಗುತ್ತದೆ. ಅದನ್ನು ಮೊದಲು ಪರೀಕ್ಷಿಸದೆ ಸುಣ್ಣಕ್ಕೆ ಕೈ ಹಾಕಬಾರದು.

ರೋಲರ್ ಹೊಡೆಯುವಲ್ಲಿಯೂ ಒಂದು ಸೂಕ್ಷ್ಮವಿದೆ. ಬಿಗಿಯಾಗಿ ಕುಟ್ಟಿದಷ್ಟೂ ಒಳ್ಳೆಯದೆಂಬುದು ಗರಸಿಗೆ ಸರಿ. ಎರೆಗೆ ಅದು ತಿರುಗುಬಾಣ. ಒಣ ಎರೆಯನ್ನು ಬಿಗಿದು ಕುಟ್ಟಿದರೆ ಬರಗಾಲದಲ್ಲಿ ಹಸಿದ ಎತ್ತಿನ ಹಾಗೆ ಅದು ನೀರಿಗಾಗಿ ಕಾಯುತ್ತಿರುತ್ತದೆ. ಸಿಕ್ಕಿದ ದಿನ ದುಪ್ಪಟ್ಟು ಉಬ್ಬುತ್ತದೆ. ತೆಗೆದ ಗುಂಡಿಯ ತಳವನ್ನು ಸ್ವಲ್ಪ ಹೆಚ್ಚೇ ತೇವದಲ್ಲಿ, ಹದವಾಗಿ ಒತ್ತಬೇಕು. ಹಾಗೆಯೇ ಕೆಲಸದ ಕಾಲವೂ ಮುಖ್ಯ. ಮೇ ತಿಂಗಳಲ್ಲಿ ಬಿರುಕು ಬಿಟ್ಟ ನೆಲದ ಮೇಲೆ ಹಾಸು ಹಾಕಿಸುವ ಆತುರ ಎಲ್ಲರಿಗೂ ಇರುತ್ತದೆ, ಮಳೆಗೆ ಮುಂಚೆ ಮುಗಿಯಲಿ ಎಂದು. ಎರೆ ಅತ್ಯಂತ ಕುಗ್ಗಿರುವ ಆ ಹೊತ್ತಿನಲ್ಲಿ ಹಾಕಿದ ನೆಲಕ್ಕೆ ಮುಂದೆ ಏಳುವುದೊಂದೇ ದಾರಿ. ಮಳೆಗಾಲ ಕಳೆದು ಮಣ್ಣು ಹದಕ್ಕೆ ಬಂದಾಗ ತಳ ಸಿದ್ಧಮಾಡುವುದು ಲೇಸು.

ಗರಸಿನ ಮೇಲೆ ಕಡಿಯ ಪದರ ಅಥವಾ ಕಡಿಮೆ ಸಿಮೆಂಟಿನ ತೆಳು ಕಾಂಕ್ರೀಟ್. ಅದರ ಮೇಲೆ ದಪ್ಪನೆಯ ಪಾಲಿಥೀನ್ ಹಾಳೆ. ಈ ಹಾಳೆ ಎರಡು ಕೆಲಸ ಮಾಡುತ್ತದೆ: ತೇವ ಮೇಲೇರಿ ಚೀಲ ಮುಟ್ಟದಂತೆ ತಡೆಯುತ್ತದೆ, ಕಾಂಕ್ರೀಟ್ ಒಣಗಿ ಕುಗ್ಗುವಾಗ ಕೆಳಗೆ ಕಚ್ಚಿಕೊಳ್ಳದೆ ಜರುಗಲು ಬಿಡುತ್ತದೆ. ಆಮೇಲೆ ಹಾಸು. ಸರಿಯಾದ ತಳದ ಮೇಲೆ ಚೀಲದ ಗೋದಾಮಿಗೆ 15 ಸೆಂಟಿಮೀಟರ್ ಸಾಮಾನ್ಯವಾಗಿ ಸಾಕು.

ಗೋಡೆ, ಕಂಬಕ್ಕೂ ಹಾಸಿಗೂ ಸಂಬಂಧ ಕೂಡದು. ಗೋಡೆ ಆಳದ ಪೈಲಿನ ಮೇಲೆ ಅಲುಗದೆ ನಿಂತಿರುತ್ತದೆ, ಹಾಸು ಕೂದಲೆಳೆಯಷ್ಟಾದರೂ ಅಲುಗುತ್ತದೆ. ಎರಡನ್ನೂ ಸರಳಿನಿಂದ ಬಿಗಿದರೆ ಜಗಳ ಖಂಡಿತ. ನಡುವೆ ಬೆರಳಗಲ ಸಂದು ಬಿಟ್ಟು ಮೆತ್ತನೆಯ ಹಲಗೆ ತುಂಬಬೇಕು. ಹಾಸನ್ನೂ ಸುಮಾರು ನಾಲ್ಕೂವರೆ ಮೀಟರಿಗೊಂದು ಗೀರು ಹಾಕಿ ಭಾಗ ಮಾಡಬೇಕು. ಕಾಂಕ್ರೀಟ್ ಒಣಗುವಾಗ ಒಡೆಯುವುದು ತಪ್ಪದು; ಎಲ್ಲಿ ಒಡೆಯಬೇಕೆಂದು ನಾವು ಹೇಳಬಹುದು ಅಷ್ಟೆ. ದಪ್ಪದ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದಷ್ಟು ಆಳಕ್ಕೆ, ಹಾಕಿದ ದಿನವೇ ಅಥವಾ ಮರುದಿನ ಬೆಳಗಿನೊಳಗೆ ಗೀರಬೇಕು. ಮೂರು ದಿನ ಬಿಟ್ಟು ಯಂತ್ರ ತಂದರೆ ಕಾಂಕ್ರೀಟ್ ತನಗೆ ಬೇಕಾದಲ್ಲಿ ಆಗಲೇ ಒಡೆದಿರುತ್ತದೆ.

ನರೇಗಲ್, ಗಜೇಂದ್ರಗಡದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದನ್ನು ದಾರಿಹೋಕರೆಲ್ಲ ನೋಡಿರುತ್ತಾರೆ. ವಿದ್ಯುತ್ತಿಗೆ ಒಳ್ಳೆಯದಾದ ಆ ಗಾಳಿ ಹಸಿ ಕಾಂಕ್ರೀಟಿಗೆ ವೈರಿ. ಬಯಲಿನ ಒಣ ಗಾಳಿ ಮೇಲ್ಮೈಯ ನೀರನ್ನು ಹೀರಿ, ಹಾಕಿದ ಎರಡು ಮೂರು ತಾಸಿನಲ್ಲೇ ಜೇಡರ ಬಲೆಯಂಥ ಬಿರುಕು ತರುತ್ತದೆ. ಅದಕ್ಕೇ ಗೋಡೆ, ತಗಡು ಆದ ಮೇಲೆ ನೆರಳಲ್ಲಿ ಹಾಸು ಹಾಕುವುದು, ಅಂಗಳದ ಕೆಲಸವನ್ನು ಸಂಜೆಗೆ ಇಟ್ಟುಕೊಳ್ಳುವುದು, ಕೂಡಲೇ ಹಾಳೆ ಹೊದೆಸುವುದು, ಒದ್ದೆ ಗೋಣಿತಟ್ಟು ಹಾಕಿ ಕನಿಷ್ಠ 14 ದಿನ ನೀರುಣಿಸುವುದು.

ಲಾರಿ ತಿರುಗುವ ಅಂಗಳ

ಗೋದಾಮಿನ ಹೊರಗಿನ ಅಂಗಳದ ಕಷ್ಟ ಇನ್ನೂ ಹೆಚ್ಚು. ಅಲ್ಲಿ ತಲೆಯ ಮೇಲೆ ಸೂರಿಲ್ಲ, ಮೇಲೆ ಲಾರಿಯ ಗಾಲಿ. 2018ರಲ್ಲಿ ಕೇಂದ್ರ ಸರಕಾರ ಹತ್ತು ಗಾಲಿಯ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ರಸ್ತೆಗಳ ಮೇಲೆ ಲಾರಿ ಓಡಿಸಿ ನಡೆಸಿದ ದೊಡ್ಡ ಪ್ರಯೋಗದ ಸಾರ ಇದು: ಅಚ್ಚಿನ ಭಾರ ಹೆಚ್ಚಿದರೆ ರಸ್ತೆಗೆ ಆಗುವ ಹಾನಿ ಹೆಚ್ಚುಕಡಿಮೆ ಅದರ ನಾಲ್ಕನೇ ಘಾತದಷ್ಟು ಏರುತ್ತದೆ. ಭಾರ ಐದಕ್ಕೆ ಒಂದರಷ್ಟು ಹೆಚ್ಚಾದರೆ ಹಾನಿ ಎರಡು ಪಟ್ಟು.

ಅಂಗಳದ ಚಪ್ಪಡಿ ಸೋಲುವುದು ಮೂಲೆಯಲ್ಲಿ. ಮುಚ್ಚದ ಸಂದಿನಿಂದ ಮಳೆನೀರು ಕೆಳಗಿಳಿಯುತ್ತದೆ. ಲಾರಿ ಹಾಯ್ದಾಗ ಚಪ್ಪಡಿ ಅದುಮಿ, ಕೆಸರುನೀರು ಸಂದಿನಿಂದ ಚಿಮ್ಮುತ್ತದೆ. ಪ್ರತಿ ಸಲ ಒಂದು ಚಿಟಿಕೆ ಮಣ್ಣು ಹೊರಬರುತ್ತದೆ. ಕೊನೆಗೆ ಮೂಲೆಯ ಕೆಳಗೆ ಪೊಳ್ಳಾಗಿ, ಒಂದು ದಿನ ಮೂಲೆ ಮುರಿಯುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1974ರಲ್ಲಿ ಮೊದಲು ಹೊರತಂದು 2015ರಲ್ಲಿ ಪರಿಷ್ಕರಿಸಿದ 58ನೇ ಸಂಹಿತೆ ಇಂಥ ಚಪ್ಪಡಿಗಳ ಲೆಕ್ಕಕ್ಕೆ ಆಧಾರ. ನೆನೆಸಿ ಅಳೆದಾಗ ಎರೆಯ ಸಿಬಿಆರ್, ಅಂದರೆ ಭಾರ ಹೊರುವ ಅಂಕ, ಸಾಮಾನ್ಯವಾಗಿ 2ರ ಆಸುಪಾಸು. ಅದನ್ನು 10ಕ್ಕೆ ಏರಿಸಿದರೆ ಚಪ್ಪಡಿಗೆ ಸಿಗುವ ಆಸರೆ, ಸಂಹಿತೆಯ ಕೋಷ್ಟಕದ ಪ್ರಕಾರ, 21ರಿಂದ 55ಕ್ಕೆ ಏರುತ್ತದೆ. ಅಂಗಳದ ಹಾಸು ಎಂಟರಿಂದ ಹತ್ತು ಇಂಚು ದಪ್ಪವಾಗಬಹುದು. ಬರುವ ಲಾರಿಗಳ ಲೆಕ್ಕ ನೋಡಿ ನಿರ್ಧರಿಸಬೇಕು. ಅಡ್ಡ ಸಂದುಗಳಲ್ಲಿ ನುಣುಪು ಸರಳು ಕೂರಿಸಿದರೆ ಒಂದು ಚಪ್ಪಡಿಯ ಭಾರವನ್ನು ಪಕ್ಕದ್ದು ಹಂಚಿಕೊಳ್ಳುತ್ತದೆ. ಸಂದಿಗೆ ತುಂಬಿದ ಅಂಟು ಕಿತ್ತುಹೋದಾಗ ಮತ್ತೆ ತುಂಬುವುದನ್ನು ಮರೆಯಬಾರದು.

ನೀರಿಗೆ ದಾರಿ ತೋರಿಸಿ

ಇಷ್ಟೆಲ್ಲ ಮಾಡಿ ತಗಡಿನ ಮೇಲಿನ ನೀರನ್ನು ಗೋಡೆಯ ಬುಡಕ್ಕೆ ಬಿಟ್ಟರೆ ಎಲ್ಲ ವ್ಯರ್ಥ. 450 ಚದರ ಮೀಟರ್ ಸೂರಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 22,500 ಲೀಟರ್ ನೀರು. ಎರಡು ದೊಡ್ಡ ಟ್ಯಾಂಕರಿನಷ್ಟು. ಅದನ್ನು ದೋಣಿಯಲ್ಲಿ ಹಿಡಿದು, ಕೊಳವೆಯಲ್ಲಿ ಇಳಿಸಿ, ಕಾಂಕ್ರೀಟಿನ ಗಟಾರದಲ್ಲಿ ದೂರ ಒಯ್ಯಬೇಕು; ದೂರದಲ್ಲೊಂದು ಕೃಷಿಹೊಂಡ ತುಂಬಿಸಿಕೊಂಡರೆ ಇನ್ನೂ ಒಳ್ಳೆಯದು. ಗೋಡೆಯ ಸುತ್ತ ಎರಡು ಮೀಟರಿನಷ್ಟು ಹೊರಜಾರಿನ ಗಚ್ಚು ಬೇಕು. ಹಮಾಲರು ಕೈಕಾಲು ತೊಳೆಯುವ ನಳ, ಶೌಚಾಲಯದ ಗುಂಡಿ ಗೋಡೆಗೆ ಅಂಟಿಕೊಂಡಿರಬಾರದು. ಸೋರುವ ಒಂದು ನಳ ಒಂದು ಮಳೆಗಾಲಕ್ಕಿಂತ ಕೆಡುಕು. ಮಳೆಗಾಲ ಮುಗಿಯುತ್ತದೆ, ನಳ ಸೋರುತ್ತಲೇ ಇರುತ್ತದೆ. ನೆರಳಿಗೆಂದು ಗೋಡೆಯ ಪಕ್ಕ ನೆಟ್ಟ ನೀಲಗಿರಿ, ಬೇವು ತದ್ವಿರುದ್ಧದ ಕೆಲಸ ಮಾಡುತ್ತವೆ: ಬೇಸಿಗೆಯಲ್ಲಿ ನೀರು ಹೀರಿ ಆ ಮೂಲೆಯನ್ನಷ್ಟೇ ಕುಗ್ಗಿಸುತ್ತವೆ.

ಇದು ನಮ್ಮದೊಂದೇ ಗೋಳಲ್ಲ. ಅಮೆರಿಕದ ಟೆಕ್ಸಾಸ್‌ನ ಕರಿ ಬಯಲಿನಲ್ಲಿ ಜನ ಬೇಸಿಗೆಯಲ್ಲಿ ಮನೆಯ ಸುತ್ತ ತೂತಿನ ಕೊಳವೆ ಹಾಸಿ ಅಡಿಪಾಯದ ಮಣ್ಣಿಗೆ ನೀರುಣಿಸುತ್ತಾರೆ, ಕುಗ್ಗದಿರಲೆಂದು! ಮಣ್ಣು ಒಣಗಿರಲಿ ಒದ್ದೆಯಾಗಿರಲಿ, ಇದ್ದಂತೆ ಇರಬೇಕು, ಬದಲಾಗಬಾರದು. ಎರೆಯ ಮೇಲೆ ಕಟ್ಟುವವರ ಮೂಲಮಂತ್ರ ಇದೇ.

ಚೀಲದ ಹಿಂದಿನ ಮನುಷ್ಯ

ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿದರು. ರಾಜ್ಯ ಉಗ್ರಾಣ ನಿಗಮ ಹುಟ್ಟಿದ್ದು 1957ರಲ್ಲಿ. ಈಗ ಹಳ್ಳಿಯ ಸಹಕಾರ ಸಂಘಗಳ ಅಂಗಳದಲ್ಲೇ ಗೋದಾಮು ಕಟ್ಟುವ ದೊಡ್ಡ ಯೋಜನೆಗೆ ಕೇಂದ್ರ ಸಂಪುಟ 2023ರ ಮೇ 31ರಂದು ಒಪ್ಪಿಗೆ ಕೊಟ್ಟಿದೆ. 2024ರ ಫೆಬ್ರುವರಿಯಲ್ಲಿ 11 ರಾಜ್ಯಗಳ 11 ಸಂಘಗಳಲ್ಲಿ ಮೊದಲ ಗೋದಾಮುಗಳು ಉದ್ಘಾಟನೆಯಾದವು. ಎರೆ ಸೀಮೆಯ ಸಂಘಗಳೂ ಸಾಲ ತೆಗೆದು ಗೋದಾಮು ಕಟ್ಟುವ ಕಾಲ ಇದು.

ಸುಗ್ಗಿಯ ದಿನ ಬೆಲೆ ನೆಲಕಚ್ಚಿದಾಗ ಕಡಲೆಯನ್ನು ಮೂರು ತಿಂಗಳು ಇಟ್ಟುಕೊಳ್ಳಬಲ್ಲ ರೈತ ನಾಲ್ಕು ಕಾಸು ನೋಡುತ್ತಾನೆ. ಇಟ್ಟ ಚೀಲಕ್ಕೆ ರಸೀದಿ ಪಡೆದು ಅದರ ಮೇಲೆ ಸಾಲ ಎತ್ತಬಹುದು. ಮಗಳ ಮದುವೆಗೋ ಮುಂದಿನ ಬೀಜಕ್ಕೋ ಅದೇ ಆಧಾರ. ಆ ರಸೀದಿಯ ಬೆಲೆ ನಿಂತಿರುವುದು ಚೀಲದೊಳಗಿನ ಕಾಳು ಇದ್ದಂತೆ ಉಳಿಯುವುದರ ಮೇಲೆ, ಕಾಳು ನಿಂತಿರುವುದು ನೆಲದ ಮೇಲೆ. ನೆಲ ಒಡೆದರೆ ಮೊದಲು ಕೆಡುವುದು ಕೆಳಸಾಲಿನ ಚೀಲ. ಅದು ಯಾರದ್ದು ಎಂದು ಮಣ್ಣು ಕೇಳುವುದಿಲ್ಲ.

ಗೋದಾಮು ಕಟ್ಟುವ ದಿನ ಗುದ್ದಲಿ ಪೂಜೆಗೆ ಬಂದವರು ತೆಂಗಿನಕಾಯಿ ಒಡೆಯುವ ಮುಂಚೆ ಒಂದು ಮಾತು ಕೇಳಬೇಕು: ಈ ಮಣ್ಣು ಎರಡು ಕೊಳವೆಯಲ್ಲಿ ಎಷ್ಟು ಉಬ್ಬಿತು? ಉತ್ತರ ಸಿಗದಿದ್ದರೆ ಗುದ್ದಲಿಯನ್ನು ಎರಡು ದಿನ ಕೆಳಗಿಟ್ಟರೂ ನಷ್ಟವಿಲ್ಲ. ಎರೆ ಎಷ್ಟೋ ಸಾವಿರ ವರ್ಷದಿಂದ ಅಲ್ಲೇ ಇದೆ. ಇನ್ನೆರಡು ದಿನ ಕಾಯುತ್ತದೆ.